ಅಜ್ಜಿಯ ಖಣ, ಕಾಣದ ದಾರ: ಒಂದು ಕೌದಿಯ ದಿನಚರಿ

ಫೆಬ್ರುವರಿ 8

ಅಜ್ಜಿಯ ಟ್ರಂಕಿನಲ್ಲಿ ಗುಳೇದಗುಡ್ಡದ ಕುಪ್ಪಸದ ಖಣಗಳು ಇಪ್ಪತ್ತಮೂರು ಸಿಕ್ಕವು. ಕೆಲವು ಕುಪ್ಪಸವಾಗಿ ಹೊಲಿದು ಬಿಚ್ಚಿದವು, ಉಳಿದವು ಉಡಿ ತುಂಬಿದಾಗ ಬಂದು ಮಡಿಕೆಯನ್ನೇ ಬಿಡಿಸದವು. ಜೊತೆಗೆ ಮೈಯೆಲ್ಲ ಜೀರ್ಣವಾಗಿ ಸೆರಗು ಮಾತ್ರ ಗಟ್ಟಿ ಉಳಿದ ಒಂದು ಇಳಕಲ್ ಸೀರೆ. ತಂಗಿಗೆ ಈಗ ಏಳನೆಯ ತಿಂಗಳು. ಬಾಣಂತನಕ್ಕೆ ಧಾರವಾಡಕ್ಕೇ ಬರುತ್ತಾಳೆ. ಅಷ್ಟರೊಳಗೆ ಕೂಸಿಗೆ ಅಜ್ಜಿಯ ಖಣದ ಒಂದು ಕೌದಿ ಆಗಬೇಕೆಂಬುದು ಲೆಕ್ಕ.

ಐದು ಅಂಗುಲದ ಚೌಕಗಳು ಎಂಬತ್ತು: ಅಡ್ಡಕ್ಕೆ ಎಂಟು, ಉದ್ದಕ್ಕೆ ಹತ್ತು. ಮೇಲೂ ಕೆಳಗೂ ಇಳಕಲ್ ಸೀರೆಯ ಟೋಪುತೆನೆ (ಕೆಂಪು-ಬಿಳಿ ತೆನೆಸಾಲಿನ) ಸೆರಗಿನ ಪಟ್ಟಿ. ಒಳಗೆ ಹಳೆಯ ನೂಲಿನ ಸೀರೆಯ ಎರಡು ಪದರು, ಅಡಿಗೆ ಅಪ್ಪನ ಧೋತರ. ಖಣಗಳನ್ನು ಒಂದೊಂದಾಗಿ ಬೇರೆ ಬೇರೆ ಬಕೆಟ್ಟಿನಲ್ಲಿ ನೆನೆಹಾಕಿದೆ. ಒಂದು ಕುಸುಬಿ ಕೆಂಪು ಮೂರು ನೀರಿಗೂ ಬಣ್ಣ ಬಿಟ್ಟಿತು. ಅದನ್ನು ಹೊರಗಿಟ್ಟೆ.

ಫೆಬ್ರುವರಿ 15

ಚೌಕಗಳನ್ನು ಜೋಡಿಸಿದ್ದಾಯಿತು. ಇನ್ನು ಪದರುಗಳನ್ನು ಹಿಡಿದಿಡುವ ಹೊಲಿಗೆ. ಇಲ್ಲಿ ಬಂತು ತಕರಾರು. ಮೆಂತ್ಯ ಹಸಿರಿನ ಪಕ್ಕ ಹಳದಿ, ಅದರ ಪಕ್ಕ ನೇರಳೆ, ಅದರಾಚೆ ಕಪ್ಪು. ಯಾವ ಬಣ್ಣದ ದಾರ ಹಾಕಿದರೂ ಒಂದು ಚೌಕಕ್ಕೆ ಒಪ್ಪಿ ಮುಂದಿನದರ ಮೇಲೆ ಗೆರೆ ಎಳೆದಂತೆ ಎದ್ದು ಕಾಣುತ್ತದೆ. ಸೆರಗಿನ ಮೇಲಂತೂ ಕೆಂಪು, ಬಿಳಿ ಒಂದರ ಹಿಂದೊಂದು ಬರುತ್ತವೆ. ಸೀರೆಗೆ ಫಾಲ್ ಹಚ್ಚುವವರು ಪಾರದರ್ಶಕ ದಾರ ಬಳಸುವುದನ್ನು ನೋಡಿದ್ದೆ. ಅದೇ ಸರಿ ಎನ್ನಿಸಿತು.

ಸುಭಾಸ ರೋಡಿನ ಒಂದು ಅಂಗಡಿಯಲ್ಲಿ ಕೇಳಿದ್ದಕ್ಕೆ ತಂಗೂಸಿಯ, ಅಂದರೆ ದಪ್ಪ ನೈಲಾನ್ ಎಳೆಯ, ಉಂಡೆಯೊಂದನ್ನು ಕೈಗಿಟ್ಟರು. ಮಣಿ ಪೋಣಿಸುವುದಕ್ಕೆ ಅದು ಬಲು ಚೆನ್ನ. ಮೀನು ಹಿಡಿಯುವುದಕ್ಕೂ ಆದೀತು. ಯಂತ್ರಕ್ಕೆ ಹಾಕಿ ನಾಲ್ಕು ಅಂಗುಲ ತುಳಿಯುವುದರೊಳಗೆ ಸೂಜಿ ಮುರಿಯಿತು. ತಪ್ಪು ನನ್ನದೇ, ಬೆರಳಿನಲ್ಲಿ ಹಿಡಿದಾಗಲೇ ದಪ್ಪ ತಿಳಿಯಬೇಕಿತ್ತು.

ಫೆಬ್ರುವರಿ 16

ಅದೇ ಅಂಗಡಿಗೆ ಹೋಗಿ ಫಾಲ್ ದಾರ ಎಂದೇ ಕೇಳಿ ತೆಳ್ಳನೆಯ ನೈಲಾನ್ ತಂದೆ. ಇದು ನಿಜಕ್ಕೂ ಕೂದಲೆಳೆಯಂತಿದೆ. ಎಷ್ಟೆಂದರೆ ಸೂಜಿಯ ಕಣ್ಣಿಗೆ ಪೋಣಿಸಲು ಇಪ್ಪತ್ತು ನಿಮಿಷ ಹಿಡಿಯಿತು. ದಾರವೂ ಕಾಣದು, ಅದು ಕಣ್ಣಿನೊಳಗೆ ಹೋಯಿತೋ ಪಕ್ಕದಲ್ಲಿ ಜಾರಿತೋ ಅದೂ ಕಾಣದು. ಕೊನೆಗೆ ತುದಿಗೆ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿದೆ. ಎರಡನೆಯ ಸಲಕ್ಕೇ ಹೋಯಿತು.

ನಮ್ಮದು ಅವ್ವನ ಕಾಲಿನ ಹೊಲಿಗೆ ಯಂತ್ರ. ನೇರ ಹೊಲಿಗೆ ಬಿಟ್ಟು ಬೇರೆ ಬಾರದು. ಟೆನ್ಷನ್‌ಗೆ ಅಂದರೆ ದಾರದ ಬಿಗಿಗೆ, ಅಂಕಿಗಳ ಗುಂಡಿಯಿಲ್ಲ, ಒಂದು ತಿರುಪು ಮಾತ್ರ. ಎಂದಿನ ಬಿಗಿಯಲ್ಲೇ ಒಂದು ಗೆರೆ ಹೊಲಿದೆ. ಪಾದದ ಕೆಳಗಿಂದ ಹೊರಬಂದಾಗ ನುಣ್ಣಗೆ, ನೆಟ್ಟಗೆ ಇತ್ತು. ಖುಷಿಯಾಗಿ ಚಹಾ ಕುಡಿದು ಬಂದು ನೋಡಿದರೆ ಬಿಸಿಲಿಗಿಟ್ಟ ಹಪ್ಪಳದ ಹಾಗೆ ಗೆರೆಯ ಎರಡೂ ಬದಿ ಸೊಟ್ಟಗಾಗಿತ್ತು. ಈ ದಾರ ಎಳೆದರೆ ಹಿಗ್ಗುತ್ತದೆ. ಹಿಗ್ಗಿದ್ದಾಗ ಹೊಲಿಗೆಯಲ್ಲಿ ಸಿಕ್ಕಿಬಿದ್ದರೆ ಆಮೇಲೆ ನಿಧಾನವಾಗಿ ತನ್ನ ಅಳತೆಗೆ ಮರಳುತ್ತ ಬಟ್ಟೆಯನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ತಿರುಪನ್ನು ಅರ್ಧ ಸುತ್ತು ಸಡಿಲಿಸಿದೆ, ಸಾಲಲಿಲ್ಲ. ಒಂದೂವರೆ ಸುತ್ತಿಗೆ ಬಟ್ಟೆ ಸಮತಟ್ಟಾಯಿತು. ಕೆಳಗಿನ ಬಾಬಿನ್ನಿಗೆ ಧೋತರದ ಬಣ್ಣದ ಸಣ್ಣ ಹತ್ತಿಯ ದಾರ. ಮೇಲಿನ ಬಿಗಿ ಹೆಚ್ಚಿದಾಗ ಅದು ಮೇಲೆ ಇಣುಕಿ ಹಿಟ್ಟು ಚೆಲ್ಲಿದಂತೆ ಚುಕ್ಕಿ ಚುಕ್ಕಿಯಾಗಿ ಕಾಣುತ್ತಿತ್ತು. ಈಗ ಅದೂ ನಿಂತಿದೆ.

ಸೂಜಿಯೂ ಬದಲಾಯಿತು. ಮನೆಯಲ್ಲಿದ್ದದ್ದು 16ನೆಯ ನಂಬರ್. ಅದು ಕೊರೆದ ತೂತನ್ನು ಇಷ್ಟು ಸಪೂರ ದಾರ ತುಂಬಲಾರದು. ಹೊಲಿಗೆ ಕಾಣದಿದ್ದರೂ ತೂತುಗಳ ಸಾಲು ಕಾಣುತ್ತದೆ. 11ಕ್ಕೆ ಇಳಿದೆ.

ಫೆಬ್ರುವರಿ 22

ರೀಲಿನ ಕಾಟ. ಯಂತ್ರದ ಮೇಲಿನ ಕಡ್ಡಿಗೆ ಸಿಕ್ಕಿಸಿದರೆ ದಾರ ತಾನಾಗಿಯೇ ಸುರುಳಿ ಬಿಚ್ಚಿ ಕೆಳಗೆ ಜಾರಿ ಕಡ್ಡಿಯ ಬುಡಕ್ಕೆ ಸುತ್ತಿಕೊಳ್ಳುತ್ತದೆ. ಗೊತ್ತಾಗುವುದು ಟಪ್ಪೆಂದು ಕಡಿದಾಗಲೇ. ನಾಲ್ಕು ಸಲ ಕಡಿಯಿತು. ಈಗ ರೀಲನ್ನು ಯಂತ್ರದ ಹಿಂದೆ ಸ್ಟೀಲ್ ಲೋಟದಲ್ಲಿ ನಿಲ್ಲಿಸಿದ್ದೇನೆ. ದಾರ ನೇರ ಮೇಲೇರಿ, ಯಂತ್ರದ ಬೆನ್ನಿಗೆ ಅಂಟುಪಟ್ಟಿಯಲ್ಲಿ ಅಂಟಿಸಿದ ಪಿನ್ನಿನ ಕುಣಿಕೆಯೊಳಗೆ ಹಾದು ಬರುತ್ತದೆ. ರೀಲಿಗೆ ಹಣ್ಣಿನಂಗಡಿಯಲ್ಲಿ ಸೇಬಿಗೆ ತೊಡಿಸುತ್ತಾರಲ್ಲ, ಆ ಮೆತ್ತನೆಯ ಫೋಮ್ ಜಾಲರಿ ತೊಡಿಸಿದೆ. ಅದಾದ ಮೇಲೆ ಒಂದು ಸಲವೂ ಕಡಿದಿಲ್ಲ. ಇಡೀ ಕೆಲಸದಲ್ಲಿ ನನಗೆ ಹೆಮ್ಮೆ ತಂದದ್ದು ಈ ಸೇಬಿನ ಅಂಗಿಯೇ.

ಹೊಲಿಯಬೇಕಾದ್ದು ಹದಿನೆಂಟು ಗೆರೆ: ಉದ್ದಕ್ಕೆ ಏಳು, ಅಡ್ಡಕ್ಕೆ ಹನ್ನೊಂದು. ಒಟ್ಟು 790 ಅಂಗುಲ, ಅಂದರೆ ಸುಮಾರು 20 ಮೀಟರ್. ಎರಡು ಚೌಕ ಕೂಡುವ ತಗ್ಗಿನಲ್ಲೇ ಸೂಜಿ ಇಳಿಯಬೇಕು, ಎಳೆಯಷ್ಟೂ ಆಚೀಚೆ ಆಗಬಾರದು. ಇವತ್ತಿಗೆ ಐದು ಮುಗಿದವು.

ಮಾರ್ಚ್ 1

ಕೆಟ್ಟ ದಿನ. ಐದು ಗೆರೆಗಳನ್ನೂ ಇಸ್ತ್ರಿ ಮಾಡಿ ಕೂರಿಸೋಣವೆಂದು ಕೂತೆ. ಇಸ್ತ್ರಿ ಪೆಟ್ಟಿಗೆಯಲ್ಲಿ ಹಿಂದಿನ ದಿನ ಅಂಗಿಗಳಿಗೆ ಇಟ್ಟಿದ್ದ ಕಾವೇ ಇತ್ತು, ಮೂರು ಚುಕ್ಕಿ. ಅಂದರೆ 200 ಡಿಗ್ರಿಯ ಆಸುಪಾಸು. ನೈಲಾನ್ ತಾಳುವುದು ಒಂದು ಚುಕ್ಕಿಯ ಕಾವನ್ನು, 110. ಎತ್ತಿ ನೋಡಿದರೆ ಒಂದು ಗೇಣು ಉದ್ದಕ್ಕೆ ದಾರ ಮುದುಡಿ ಬಟ್ಟೆಗೆ ಕಚ್ಚಿಕೊಂಡು, ಗೀರಿದರೆ ಗರಿಗರಿ ಎನ್ನುತ್ತಿತ್ತು. ಹಳದಿ ಖಣವೊಂದು ಹೊಳಪು ಕಳೆದುಕೊಂಡಿತು. ಬಿಚ್ಚುವ ಕೆಲಸ ಹೊಲಿಯುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು, ಏಕೆಂದರೆ ಬಿಚ್ಚಬೇಕಾದ ಹೊಲಿಗೆ ಕಾಣಬೇಕಲ್ಲ!

ನೈಲಾನಿಗೆ ಇನ್ನೊಂದು ಚಾಳಿ ಉಂಟು: ವರ್ಷಗಳು ಕಳೆದಂತೆ ಹಳದಿಗಟ್ಟಿ ಪೆಡಸಾಗುತ್ತದೆ. ಕಾಣದ ದಾರ ಎಂದು ತಂದದ್ದು ಒಂದು ದಿನ ಕಾಣತೊಡಗುತ್ತದೆ. ಪಾಲಿಯೆಸ್ಟರ್‌ನಲ್ಲೂ ಇಂಥದೇ ಒಂಟಿ ಎಳೆ ಸಿಗುತ್ತದೆ. ಹಿಗ್ಗುವುದು ಕಡಿಮೆ, ಕಾವನ್ನೂ ಹೆಚ್ಚು ತಾಳುತ್ತದೆ. ಎರಡು ರೀಲು ತರಿಸಲು ಹೇಳಿದೆ. ಒಂದು ಬಣ್ಣವಿಲ್ಲದ ಪಾರದರ್ಶಕ ಬಿಳಿ, ಇನ್ನೊಂದು ಹೊಗೆ ಬಣ್ಣ.

ಮಾರ್ಚ್ 9

ಹೊಗೆ ಬಣ್ಣ ಏಕೆಂದರೆ, ರೀಲು ತರಿಸಲು ಹೇಳುವ ಮೊದಲೊಂದು ದಿನ ಸಂಜೆ ನಾಲ್ಕರ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದಾಗ ಕಪ್ಪು, ನೇರಳೆ ಚೌಕಗಳ ನಡುವಿನ ಗೆರೆ ಬಸವನಹುಳು ಹರಿದ ಜಾಡಿನಂತೆ ಮಿನುಗಿತು. ತಿಳಿ ಬಣ್ಣದ ಮೇಲೆ ಅದೇ ದಾರ ಇಲ್ಲವೇ ಇಲ್ಲ ಎಂಬಂತಿತ್ತು. ಹೊಸ ರೀಲು ಬಂತು, ದಪ್ಪ 0.1 ಮಿಲಿಮೀಟರ್ ಎಂದು ಬರೆದಿದೆ. ಗಾಢ ಬಣ್ಣಗಳ ನಡುವಿನ ಗೆರೆಗಳಿಗೆ ಹೊಗೆ, ಸೆರಗಿಗೂ ಹಳದಿಯ ಕಡೆಗೂ ಬಿಳಿ. ಸೆರಗಿನ ಬಿಳಿ ತೆನೆಗಳ ಬುಡದಲ್ಲಿ ಹೊಲಿಗೆ ಹೋಗಿದೆ ಎಂದು ನಾನೇ ಬೆರಳಿನಿಂದ ಸವರಿ ಖಾತ್ರಿ ಮಾಡಿಕೊಳ್ಳಬೇಕಾಯಿತು.

ಗಂಟು ಇದರಲ್ಲಿ ನಿಲ್ಲುವುದಿಲ್ಲ, ಜಾರುತ್ತದೆ. ಪ್ರತಿ ಗೆರೆಯ ಮೊದಲಲ್ಲೂ ಕೊನೆಯಲ್ಲೂ ಹೊಲಿಗೆಯ ಉದ್ದವನ್ನು ಸೊನ್ನೆಯ ಹತ್ತಿರ ತಂದು ಐದಾರು ಪುಟ್ಟ ಹೊಲಿಗೆ ಹಾಕುತ್ತಿದ್ದೇನೆ. ಕತ್ತರಿಸಿದ ತುಂಡುಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಡುತ್ತೇನೆ. ಅಂಗಳಕ್ಕೆ ಗುಡಿಸಿದರೆ ಗುಬ್ಬಿಗಳ ಕಾಲಿಗೆ ಸುತ್ತಿಕೊಂಡೀತು.

ಮಾರ್ಚ್ 15

ಗುಬ್ಬಿಯ ಕಾಲಿನ ಮಾತು ಬರೆದ ಮೇಲೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ಕೌದಿಯನ್ನು ಮುಂಗೈ ಮೇಲೆ ಉಜ್ಜಿದೆ. ಗೆರೆ ಮುಗಿಯುವಲ್ಲಿ ಕತ್ತರಿಸಿದ ತುದಿ ಗೋದಿ ತೆನೆಯ ಮುಳ್ಳಿನಂತೆ ಚುಚ್ಚಿತು. ಒಂದು ಹೊಲಿಗೆ ಸಡಿಲಾಗಿ ಕುಣಿಕೆ ಎದ್ದರೆ ಎಳೆಗೂಸಿನ ಬೆರಳು ಅದರಲ್ಲಿ ಸಿಕ್ಕಿಕೊಳ್ಳಬಹುದು. ಸಿಕ್ಕರೂ ನಮ್ಮ ಕಣ್ಣಿಗೆ ಬೀಳದು.

ಅವ್ವನನ್ನು ಕರೆದು ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, “ಇದರಲ್ಲಿ ಹೊಲಿಗೆ ಎಲ್ಲಿದೆಯೇ? ಹೊಲಿಗೆಯೇ ಕಾಣದಿದ್ದರೆ ಅದೆಂಥ ಕೌದಿ!” ಎಂದಳು. ತುದಿಯನ್ನು ಮುಟ್ಟಿ ನೋಡಿ, “ಕೂಸಿಗೆ ಈ ತಂತಿ ಬೇಡ, ಗರಿಗರಿ ಖಣವೂ ಬೇಡ. ನಿನ್ನ ಅಪ್ಪನ ಇನ್ನೆರಡು ಧೋತರ ಇವೆಯಲ್ಲ, ನಾನು ಹೊಲಿಯುತ್ತೇನೆ. ಇದನ್ನು ಗೋಡೆಗೆ ತೂಗುಹಾಕು” ಎಂದಳು.

ವಾದಿಸಲು ಏನೂ ಉಳಿದಿರಲಿಲ್ಲ. ಅವ್ವನಿಗೆ ಕೌದಿ ಎಂದರೆ ಒಂದು ಮೂಲೆಯಿಂದ ಶುರುವಾಗಿ ಅಂಚು ಹಿಡಿದು ಸುತ್ತುತ್ತ ನಡುವಿಗೆ ಬರುವ ಉದ್ದ ಹೊಲಿಗೆಯ ಸಾಲುಗಳು. ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಸಮುದಾಯದ ಹೆಂಗಸರ ಕೌದಿಗಳಲ್ಲೂ ಹೀಗೆಯೇ. ಹೊಲಿಗೆ ಅಲ್ಲಿ ತಾನೇ ಚಿತ್ತಾರ, ಅಡಗಿಸುವ ಮಾತೇ ಇಲ್ಲ. ನನ್ನದರಲ್ಲಿ ಚಿತ್ತಾರವನ್ನು ಗುಳೇದಗುಡ್ಡದ ನೇಕಾರರು ಆಗಲೇ ಮಾಡಿಟ್ಟಿದ್ದಾರೆ, ಅದರ ಮೇಲೆ ನಾನು ಬೇರೆ ಗೀಚುವುದು ಬೇಡವಾಗಿತ್ತು. ಹಾಗಾಗಿ ಗೋಡೆಗೆ.

ಮಾರ್ಚ್ 30

ಹದಿನೈದು ಗೆರೆ ಆಗಿದೆ, ಮೂರು ಬಾಕಿ. ಇಸ್ತ್ರಿ ಈಗ ಎರಡು ಚುಕ್ಕಿಗೆ, ಅದೂ ಮೇಲೊಂದು ಒದ್ದೆ ಪಂಚೆ ಹಾಸಿ. ಕಾವು ತಗುಲಿ ಮಂಕಾದ ಹಳದಿ ಚೌಕವನ್ನು ಬದಲಿಸಬೇಕೆಂದಿದ್ದೆ, ಬಿಟ್ಟೆ. ಗೋಡೆಗೆ ತೂಗುಹಾಕಿದಾಗ ಅದು ಕೆಳಗಿನ ಮೂಲೆಗೆ ಬರುತ್ತದೆ. ಅಂಚು ಕಟ್ಟುವುದಕ್ಕೆ ಸೀರೆಯ ದಡಿಯನ್ನು ತೆಗೆದಿಟ್ಟಿದ್ದೇನೆ. ಅದಕ್ಕೆ ಮಾಮೂಲಿ ದಾರ ಸಾಕು.

ಅವ್ವನ ಧೋತರದ ಕೌದಿ ನನ್ನದಕ್ಕಿಂತ ತಡವಾಗಿ ಶುರುವಾಗಿ ಆಗಲೇ ನಡುವಿನ ಗೇಣಿಗೆ ಬಂದು ನಿಂತಿದೆ. ಅವಳಿಗೆ ಸೂಜಿ ಪೋಣಿಸಲು ಕಣ್ಣು ಸಾಲದು, ಆ ಕೆಲಸ ನನ್ನದು. ಬೆಳಿಗ್ಗೆ ಏಳೆಂಟು ಸೂಜಿ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ನನ್ನ ಯಂತ್ರಕ್ಕೆ ಕೂರುತ್ತೇನೆ. ಕೆಂಪು ಹತ್ತಿ ದಾರ, ಒಂದೇ ಸಲಕ್ಕೆ ಹೋಗುತ್ತದೆ.