ಗೋಡೆಯ ಮೇಲಿನ ಕಡಲು: ಮೂರು ಹಲಗೆ ಮುಗಿದವು

ಜೂನ್ 9

ಮಳೆ ಹಿಡಿದು ನಾಲ್ಕು ದಿನವಾಯಿತು. ತೋಟದ ಕೆಲಸ ನಿಂತಿದೆ, ಹಲಗೆಗೆ ಕೈ ಹಾಕಿದ್ದೇನೆ. ಹೊಸದಾಗಿ ಓದುವವರಿಗಾಗಿ ಮತ್ತೊಮ್ಮೆ ಹೇಳುತ್ತೇನೆ. ಒಂದೇ ಕಡಲನ್ನು ಎರಡು ದೇಶಗಳು ತಮ್ಮದೆನ್ನುವಾಗ, ಅವುಗಳಲ್ಲಿ ಒಂದರ ಪರವಾನಗಿ ಹಿಡಿದು ತೈಲ ಹುಡುಕಲು ಹೋದ ಖಾಸಗಿ ಕಂಪನಿಗೆ ಏನಾಯಿತು? ಇಂಥ ಒಂದೊಂದು ಪ್ರಕರಣಕ್ಕೂ ಒಂದೊಂದು ಪ್ಲೈವುಡ್ ಹಲಗೆ, ಅದರ ಮೇಲೆ ಕೈಯಲ್ಲಿ ಬರೆದ ನಕ್ಷೆ. ಅಳತೆ: 1 ಸೆಂಟಿಮೀಟರಿಗೆ 10 ನಾಟಿಕಲ್ ಮೈಲಿ. ಕರಾವಳಿಯಿಂದ 200 ನಾಟಿಕಲ್ ಮೈಲಿಯ ಆರ್ಥಿಕ ವಲಯ, ಅಂದರೆ ಮೀನು, ತೈಲಗಳ ಹಕ್ಕು ಆ ಕರಾವಳಿಯ ದೇಶಕ್ಕಿರುವ ಕಡಲು, ಹಲಗೆಯ ಮೇಲೆ 20 ಸೆಂಟಿಮೀಟರ್ ಆಗುತ್ತದೆ.

ಕಡಲೇ ಇಲ್ಲದ ಕೊಡಗಿನಲ್ಲಿ ಕುಳಿತು ಈ ಕೆಲಸವೇಕೆ ಎಂದು ಹಲವರು ಕೇಳಿದ್ದಾರೆ. ಸೋಮವಾರಪೇಟೆಯ ಬಳಿಯ ನಮ್ಮ ತೋಟಕ್ಕೂ ಪಕ್ಕದ ತೋಟಕ್ಕೂ ನಡುವೆ ಹನ್ನೊಂದು ಸಿಲ್ವರ್ ಓಕ್ ಮರಗಳ ಸಾಲಿದೆ. ಹದ್ದುಬಸ್ತು ಆಗುವ ಮೊದಲು ಆ ಸಾಲು ಯಾರದೆಂಬುದೇ ತಕರಾರು. ಒಂದು ವರ್ಷ ಪಕ್ಕದವರು ಆ ಮರಗಳ ಮೆಣಸಿನ ಫಸಲನ್ನು ಗುತ್ತಿಗೆಗೆ ಕೊಟ್ಟುಬಿಟ್ಟರು. ಗುತ್ತಿಗೆದಾರ ಏಣಿ ಹೊತ್ತು ಬಂದ. ಅಪ್ಪ ಹೋಗಿ ಏಣಿಯ ಬುಡದಲ್ಲಿ ನಿಂತರು. ಅವನ ಜೇಬಿನಲ್ಲಿ ಕಾಗದವಿತ್ತು, ಮುಂಗಡ ಕೊಟ್ಟಿದ್ದ, ಅವನದೇನೂ ತಪ್ಪಿರಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದ ಹಾಗೆ, ಸಂಜೆಯವರೆಗೆ ಬೇಲಿಯ ಬಳಿ ಕುಳಿತಿದ್ದು ಏಣಿ ಹೊತ್ತು ವಾಪಸು ಹೋದ. ಎಷ್ಟೋ ವರ್ಷಗಳ ನಂತರ ಗಯಾನಾದ ಪ್ರಕರಣ ಓದಿದಾಗ ನನಗೆ ಕಂಡದ್ದು ಆ ಏಣಿಯೇ.

ಜೂನ್ 22

ಮೊದಲ ಹಲಗೆ, ಗಯಾನಾ ಮತ್ತು ಸುರಿನಾಮ್, ಮುಗಿಯಿತು. ದಕ್ಷಿಣ ಅಮೆರಿಕದ ಈ ಎರಡು ದೇಶಗಳ ನಡುವೆ ಕೊರೆಂಟೈನ್ ನದಿ ಹರಿದು ಅಟ್ಲಾಂಟಿಕ್ ಸೇರುತ್ತದೆ. ನದಿಯ ಬಾಯಿಂದ ಕಡಲೊಳಕ್ಕೆ ಗಯಾನಾ ಎಳೆದ ಗೆರೆ ಉತ್ತರದಿಂದ 34 ಡಿಗ್ರಿ ಪೂರ್ವಕ್ಕೆ ವಾಲಿದ್ದರೆ, ಸುರಿನಾಮ್ ಎಳೆದದ್ದು 10 ಡಿಗ್ರಿ. ನಡುವಿನ ಆ ಬೀಸಣಿಗೆಯಂಥ ಜಾಗವೇ ಜಗಳದ ನೀರು. ಕೆನಡಾದ ಸಿಜಿಎಕ್ಸ್ ಎಂಬ ಕಂಪನಿಗೆ ಅಲ್ಲಿ ಕೊರೆಯಲು ಗಯಾನಾ ಪರವಾನಗಿ ಕೊಟ್ಟಿತು. 2000ನೇ ಇಸವಿ ಜೂನ್ 3ರಂದು ಕಂಪನಿಯ ರಿಗ್ ಇದ್ದಲ್ಲಿಗೆ ಸುರಿನಾಮಿನ ನೌಕಾಪಡೆಯ ದೋಣಿಗಳು ಬಂದು, 12 ಗಂಟೆಯೊಳಗೆ ಜಾಗ ಖಾಲಿ ಮಾಡಿ, ಇಲ್ಲವಾದರೆ ಆಗುವುದಕ್ಕೆ ನೀವೇ ಹೊಣೆ ಎಂದವು. ರಿಗ್ ಹೊರಟುಹೋಯಿತು.

ಮಧ್ಯಸ್ಥಿಕೆ ನ್ಯಾಯಮಂಡಳಿಯ ತೀರ್ಪು ಬಂದದ್ದು 2007ರ ಸೆಪ್ಟೆಂಬರ್ 17ರಂದು. ಎದುರುಬದುರು ನಿಂತವರು ಗಯಾನಾ ಮತ್ತು ಸುರಿನಾಮ್ ಮಾತ್ರ. ಓಡಿಸಿಕೊಂಡದ್ದು ಕಂಪನಿ, ಆದರೆ ಅದು ಕಕ್ಷಿದಾರನೇ ಆಗಿರಲಿಲ್ಲ. ದೋಣಿ ಕಳಿಸಿ ಬೆದರಿಸಿದ್ದು ಬಲಪ್ರಯೋಗದ ಬೆದರಿಕೆ, ಕಾನೂನುಬಾಹಿರ ಎಂದು ಮಂಡಳಿ ಹೇಳಿತು. ಜೊತೆಗೆ, ಸುರಿನಾಮನ್ನು ಮಾತುಕತೆಗೆ ಕರೆಯದೆ ಕೊರೆಯಲು ಬಿಟ್ಟ ಗಯಾನಾದ್ದೂ ತಪ್ಪು ಎಂದಿತು. 1982ರ ಸಮುದ್ರ ಕಾನೂನು ಒಡಂಬಡಿಕೆಯ 74 ಮತ್ತು 83ನೇ ವಿಧಿಗಳ ಮೂರನೆಯ ಖಂಡ ಇದಕ್ಕೆ ಆಧಾರ: ಗಡಿ ತೀರ್ಮಾನವಾಗುವವರೆಗೆ ಎರಡೂ ದೇಶಗಳು ತಾತ್ಕಾಲಿಕ ಏರ್ಪಾಡಿಗೆ ಪ್ರಾಮಾಣಿಕವಾಗಿ ಪ್ರಯತ್ನಿಸಬೇಕು, ಕೊನೆಯ ಒಪ್ಪಂದಕ್ಕೆ ಅಡ್ಡಿಯಾಗುವ ಕೆಲಸ ಮಾಡಬಾರದು. ಗಯಾನಾ ಕೇಳಿದ್ದ ಪರಿಹಾರ ಸಿಗಲಿಲ್ಲ. ಕೊರೆಯಬೇಕೆಂದಿದ್ದ ಜಾಗ ಗಯಾನಾದ ಪಾಲಿಗೇ ಬಂತು. ಅಲ್ಲಿ ಕಂಪನಿ ಬಾವಿ ಕೊರೆದದ್ದು 2012ರಲ್ಲಿ, ಹನ್ನೆರಡು ವರ್ಷ ಕಾದು. ಅದರಲ್ಲಿ ಲಾಭಕ್ಕೆ ಸಾಲುವಷ್ಟು ತೈಲ ಸಿಗಲಿಲ್ಲ.

ನನ್ನ ಗುಂಡುಸೂಜಿಗಳ ಬಣ್ಣ ನಿಗದಿಯಾದದ್ದೂ ಈ ತೀರ್ಪಿನಿಂದಲೇ. ಹಡಗಿನಿಂದ ಶಬ್ದದ ಅಲೆ ಬಿಟ್ಟು ಕಡಲ ತಳದ ಪ್ರತಿಧ್ವನಿ ಕೇಳುವ ಸಮೀಕ್ಷೆ ಗುರುತು ಉಳಿಸದೆ ಹೋಗುತ್ತದೆ, ಕೊರೆದ ತೂತು ಉಳಿಯುತ್ತದೆ. ಮಂಡಳಿ ಈ ಎರಡನ್ನೂ ಬೇರೆಬೇರೆಯಾಗಿ ನೋಡಿತು. ಈ ವಿವೇಚನೆಯ ಬೇರು 1976ರಲ್ಲಿದೆ. ಆಗ ಏಜಿಯನ್ ಕಡಲಿನಲ್ಲಿ ಟರ್ಕಿಯ ಸಮೀಕ್ಷೆ ನಿಲ್ಲಿಸಬೇಕೆಂದು ಗ್ರೀಸ್ ಕೇಳಿದ ಮಧ್ಯಂತರ ಆದೇಶವನ್ನು ಅಂತರರಾಷ್ಟ್ರೀಯ ನ್ಯಾಯಾಲಯ ಕೊಟ್ಟಿರಲಿಲ್ಲ. ಆದ್ದರಿಂದ ಸಮೀಕ್ಷೆಗೆ ನೀಲಿ ಸೂಜಿ, ಕೊರೆತಕ್ಕೆ ಕೆಂಪು.

ಜುಲೈ 7

ಥಂಡಿಗೆ ಹಲಗೆ ಬಾಗಿ ಅಟ್ಲಾಂಟಿಕ್ಕಿನ ಅಂಚು ಒಂದು ಬೆರಳಿನಷ್ಟು ಮೇಲೆದ್ದಿತ್ತು. ಎರಡು ದಿನ ಒಲೆಯ ಮೇಲಿನ ಅಟ್ಟದಲ್ಲಿಟ್ಟು, ಹಿಂಬದಿಗೆ ಅಡ್ಡಪಟ್ಟಿ ಹೊಡೆದ ಮೇಲೆ ಸರಿಯಾಯಿತು. ಮುಂದಿನವಕ್ಕೆ ಮೊದಲೇ ಎರಡೂ ಬದಿಗೆ ವಾರ್ನಿಷ್ ಬಳಿಯುತ್ತೇನೆ.

ಎರಡನೆಯ ಹಲಗೆಗೆ ಸಮದೂರ ರೇಖೆ ಬೇಕಿತ್ತು. ಎರಡೂ ಕರಾವಳಿಗಳ ಹತ್ತಿರದ ಬಿಂದುಗಳಿಂದ ಒಂದೇ ದೂರದಲ್ಲಿರುವ ಚುಕ್ಕೆಗಳನ್ನು ಸೇರಿಸಿದರೆ ಬರುವ ಗೆರೆ ಅದು. ನನ್ನ ಕೈವಾರ 12 ಸೆಂಟಿಮೀಟರಿಗಿಂತ ಹೆಚ್ಚು ಅಗಲವಾಗುವುದಿಲ್ಲ. ಮೊಳೆಗೆ ದಾರ ಕಟ್ಟಿ ಕಂಸ ಎಳೆಯುತ್ತಿದ್ದೆ. ಸರ್ವೆ ಇಲಾಖೆಯಲ್ಲಿದ್ದು ನಿವೃತ್ತರಾದ ದೊಡ್ಡಪ್ಪ ಸ್ವಲ್ಪ ಹೊತ್ತು ನೋಡಿ, “ದಾರ ಹಿಗ್ಗುತ್ತದೆ, ಬೈಂಡಿಂಗ್ ತಂತಿ ತೆಗೆದುಕೊಂಡು ಬಾ” ಎಂದರು. ತಂತಿಯ ಎರಡೂ ತುದಿಗೆ ಕುಣಿಕೆ ಮಾಡಿ, ಒಂದರಲ್ಲಿ ಮೊಳೆ, ಇನ್ನೊಂದರಲ್ಲಿ ಪೆನ್ಸಿಲಿನ ಮೊನೆ. ಕಂಸಗಳು ಈ ಬಾರಿ ಕೂದಲೆಳೆಯಷ್ಟೂ ತಪ್ಪದೆ ಸಂಧಿಸಿದವು.

ಜುಲೈ 20

ಎರಡನೆಯ ಹಲಗೆಯಾದ ಘಾನಾ ಮತ್ತು ಐವರಿ ಕೋಸ್ಟ್ ನನ್ನ ಬಣ್ಣದ ಲೆಕ್ಕವನ್ನೇ ಕೆಡಿಸಿತು. ಘಾನಾದ ಪರವಾನಗಿಯಲ್ಲಿ ಟಲ್ಲೊ ಕಂಪನಿ ಮತ್ತು ಪಾಲುದಾರರು ಆಗಲೇ ಬಾವಿಗಳನ್ನು ಕೊರೆದಿದ್ದರು. ಎಲ್ಲವನ್ನೂ ನಿಲ್ಲಿಸಿ ಎಂದು ಐವರಿ ಕೋಸ್ಟ್ ಕೇಳಿತು. ಅಂತರರಾಷ್ಟ್ರೀಯ ಸಮುದ್ರ ಕಾನೂನು ನ್ಯಾಯಮಂಡಳಿಯ ವಿಶೇಷ ಪೀಠ 2015ರ ಏಪ್ರಿಲ್ 25ರಂದು ಕೊಟ್ಟ ಆದೇಶವನ್ನು ನಾನು ಮೂರು ಸಲ ಓದಿದೆ. ಹೊಸದಾಗಿ ಕೊರೆಯುವುದು ಬೇಡ, ಆರಂಭವಾದ ಕೆಲಸ ನಡೆಯಲಿ ಎಂದಿತು ಪೀಠ. ಅರ್ಧಕ್ಕೆ ನಿಲ್ಲಿಸಿದರೆ ಘಾನಾಕ್ಕೂ ಕಂಪನಿಗಳಿಗೂ ಭಾರಿ ನಷ್ಟ. ಉಪಕರಣಗಳು ಹಾಳಾಗಿ ಕಡಲಿಗೂ ಅಪಾಯ. ಕಂಪನಿಯ ನಷ್ಟವನ್ನು ಪೀಠ ಹೆಸರೆತ್ತಿ ತೂಗಿದ್ದು ನೋಡಿ ನನಗೆ ನಿಜವಾಗಿ ಸಮಾಧಾನವಾಯಿತು. 2017ರ ಸೆಪ್ಟೆಂಬರ್ 23ರ ಅಂತಿಮ ತೀರ್ಪಿನಲ್ಲಿ ಘಾನಾ ತಪ್ಪು ಮಾಡಿಲ್ಲವೆಂದೇ ಆಯಿತು. ಕೊರೆತ ಇಲ್ಲೂ ಕೊರೆತವೇ, ಆದರೂ ಫಲ ಬೇರೆ. ಹೀಗಾಗಿ ಒಂದು ಸೂಜಿಯ ತಲೆಗೆ ಅರ್ಧ ಕೆಂಪು, ಅರ್ಧ ಹಸಿರು ಬಳಿದಿದ್ದೇನೆ.

ಅದೇ ತೀರ್ಪಿನ ಇನ್ನೊಂದು ಅಂಶ ನನಗೆ ಇನ್ನೂ ಮುಖ್ಯ. ಎರಡೂ ದೇಶಗಳು ದಶಕಗಳಿಂದ ಒಂದೇ ಗೆರೆಯವರೆಗೆ ತೈಲ ಪರವಾನಗಿ ಕೊಡುತ್ತ ಬಂದಿವೆ, ಆದ್ದರಿಂದ ಅದೇ ಗಡಿ ಎಂದು ಘಾನಾ ವಾದಿಸಿತ್ತು. ಪೀಠ ಒಪ್ಪಲಿಲ್ಲ. ದೊಡ್ಡಪ್ಪನಿಗೆ ಹೇಳಿದಾಗ, “ಮತ್ತೆ? ಏಣಿ ಇಟ್ಟಲ್ಲೆಲ್ಲ ಬಾಂದುಕಲ್ಲು ನೆಡುವುದಕ್ಕಾಗುತ್ತದೆಯೇ?” ಎಂದರು.

ಆಗಸ್ಟ್ 3

ಮೂರನೆಯದು ವಿಯೆಟ್ನಾಂ. ಬೇಗ ಮುಗಿಯಿತು, ಮನಸ್ಸಿಗೆ ಮಾತ್ರ ಭಾರವಾಯಿತು. 2016ರ ಜುಲೈ 12ರ ತೀರ್ಪು ಫಿಲಿಪ್ಪೀನ್ಸ್ ಹೂಡಿದ ದಾವೆಯದು. ದಕ್ಷಿಣ ಚೀನಾ ಸಮುದ್ರದಲ್ಲಿ ಚೀನಾ ತನ್ನ ನಕ್ಷೆಗಳಲ್ಲಿ ಎಳೆದ ಒಂಬತ್ತು ತುಂಡುಗೆರೆಯೊಳಗೆ ಅದು ಹೇಳುವ ಐತಿಹಾಸಿಕ ಹಕ್ಕಿಗೆ ಕಾನೂನಿನ ಆಧಾರವಿಲ್ಲ ಎಂದಿತು. ಮರುವರ್ಷವೇ, ವಿಯೆಟ್ನಾಂ ಕರಾವಳಿಯಿಂದ 200 ನಾಟಿಕಲ್ ಮೈಲಿಯೊಳಗೆ ಕೊರೆಯುತ್ತಿದ್ದ ಸ್ಪೇನಿನ ರೆಪ್ಸಾಲ್ ಕಂಪನಿ ಕೆಲಸ ನಿಲ್ಲಿಸಬೇಕಾಯಿತು. ಚೀನಾದ ಒತ್ತಡವೇ ಕಾರಣವೆಂದು ವರದಿಗಳು ಬಂದವು. 2018ರಲ್ಲಿ ಇನ್ನೊಂದು ಕಡೆಯೂ ಹಾಗೇ ಆಯಿತು. ರೆಪ್ಸಾಲ್‌ನ ಪ್ರಕರಣ ಯಾವ ನ್ಯಾಯಪೀಠಕ್ಕೂ ಹೋಗಲಿಲ್ಲ. ಇಲ್ಲಿ ಬಣ್ಣ ಬಳಿಯದ ಸೂಜಿ ಚುಚ್ಚಿದ್ದೇನೆ.

ಆಗಸ್ಟ್ 17

ಮಳೆ ಬಿಡುವು ಕೊಟ್ಟಿದೆ, ಎರಡು ದಿನ ತೋಟದಲ್ಲಿ ಕಳೆ ತೆಗೆಸಿದೆ. ಮುಂದಿನ ಹಲಗೆ ಬಂಗಾಳ ಕೊಲ್ಲಿ, ನಮ್ಮ ಕಾವೇರಿ ಸೇರುವ ಕಡಲು. 2008ರ ನವೆಂಬರಿನಲ್ಲಿ ಮ್ಯಾನ್ಮಾರ್ ಪರವಾಗಿ ಕೊರಿಯಾದ ದೇವೂ ಕಂಪನಿ ಅನಿಲ ಹುಡುಕಲು ಹೋದಾಗ ಬಾಂಗ್ಲಾದೇಶ ಯುದ್ಧನೌಕೆ ಕಳಿಸಿತ್ತು. 2012ರ ಮಾರ್ಚ್ 14ರಂದು ಗಡಿ ತೀರ್ಮಾನವಾಯಿತು. ಹಲಗೆಗೆ ಎರಡೂ ಬದಿ ವಾರ್ನಿಷ್ ಆಗಿದೆ. ಒಣಗಿದ ಮೇಲೆ ಕರಾವಳಿ ಬರೆಯಬೇಕು. ತಂತಿ ಹಿಡಿಯಲು ಭಾನುವಾರ ದೊಡ್ಡಪ್ಪ ಬರುತ್ತೇನೆಂದಿದ್ದಾರೆ.