ಎಂಟನೇ ನಂಬರು ಮತ್ತು ಎಡಗಡೆಯ ಬಿಳಿ ಕಾಲು

"ಇದು ನಮ್ಮ ಕುದರಿ ಅಲ್ರೀ."

ಕಾಕಾ ಇಷ್ಟು ಹೇಳಿ ಸುಮ್ಮನಾದರು. ಅಂಧೇರಿಯ ನಮ್ಮ ಎಡಿಟ್ ರೂಮಿನಲ್ಲಿ ಎಸಿ ಗುಂಯ್‌ಗುಡುವುದು ಮಾತ್ರ ಕೇಳುತ್ತಿತ್ತು. ನಾನು ತೆರೆಯನ್ನು ಮತ್ತೆ ನೋಡಿದೆ. ಅದೇ ಕಂದು ಬಣ್ಣ, ಜಾಕಿಯ ಅದೇ ಹಳದಿ ಅಂಗಿ, ತಡಿಯ ಕೆಳಗಿನ ಬಟ್ಟೆಯ ಮೇಲೆ ಅದೇ 8. ಹದಿನಾಲ್ಕು ವರ್ಷದಿಂದ ಎಡಿಟಿಂಗ್ ಮಾಡುತ್ತಿದ್ದೇನೆ. ಬೇರೆ ಕುದುರೆಯ ಕ್ಲಿಪ್ ಹಾಕುವಷ್ಟು ಪೆದ್ದನಲ್ಲ ಎಂಬ ಜಂಬ ಇತ್ತು.

ಕೆಲಸ ಕೊಟ್ಟವರು ಮಾಟುಂಗದಲ್ಲಿ ಹೋಟೆಲ್ ನಡೆಸುವ ಶೆಟ್ಟರು. ಆ ಕುದುರೆಯ ಒಂದು ಕೂದಲೂ ಅವರದ್ದಲ್ಲ. ಸುಮ್ನೆ ಅಭಿಮಾನಿ. ಮುಂಬೈನ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ ಅದು ಓಡಿದ ದಿನವೆಲ್ಲ ಓಟದ ದಾರಿಯ ಪಕ್ಕದ ಕಂಬಿ ಹಿಡಿದು ನಿಂತವರು. ಮಳೆಗಾಲದಲ್ಲಿ ರೇಸು ಪುಣೆಗೆ ಹೋದರೆ ದಾದರ್‌ನಲ್ಲಿ ಬೆಳಗಿನ ಇಂದ್ರಾಯಣಿ ರೈಲು ಹತ್ತಿ ಇವರೂ ಹೋಗುತ್ತಿದ್ದರು. ಡರ್ಬಿ ಗೆದ್ದ ಕುದುರೆಯೇನಲ್ಲ ಅದು. 1943ರಿಂದ ನಡೆಯುತ್ತಿರುವ ಇಂಡಿಯನ್ ಡರ್ಬಿಗೆ 2400 ಮೀಟರ್ ಓಡಬೇಕು. ಇದರ ಉಸಿರು 1400ಕ್ಕೇ ಮುಗಿಯುತ್ತಿತ್ತು. ಆದರೆ ಪ್ರತಿ ಸಲ ಗುಂಪಿನ ಹಿಂದೆ ಇದ್ದು ಕೊನೆಗೆ ನುಗ್ಗಿ ಬರುತ್ತಿತ್ತು. ಶೆಟ್ಟರಿಗೆ ಹುಚ್ಚು ಹಿಡಿಸಿದ್ದೇ ಅದು. ಈಗ ಕುದುರೆ ಓಟ ಬಿಟ್ಟಿದೆ. "ಅದಕ್ಕೊಂದು ಸನ್ಮಾನ ಮಾಡ್ಬೇಕು ಮಾರಾಯಾ" ಅಂದರು. ಶಾಲು ಹೊದಿಸಲು ಆಗುವುದಿಲ್ಲವಲ್ಲ, ಹಾಗಾಗಿ ಮೂರು ನಿಮಿಷದ ವಿಡಿಯೋ.

ಸಂಗೀತ ಮೊದಲೇ ತೀರ್ಮಾನವಾಗಿತ್ತು. ಎಂಬತ್ತರ ದಶಕದ ಒಂದು ಕನ್ನಡ ಸಿನಿಮಾಕ್ಕೆ ಇಳಯರಾಜ ಮಾಡಿದ ಹಿನ್ನೆಲೆ ಸಂಗೀತ. ಶೆಟ್ಟರು ಊರು ಬಿಟ್ಟು ಬಂದ ಹೊಸದರಲ್ಲಿ ನೋಡಿದ ಸಿನಿಮಾ. ಮೊದಲು ಗಿಟಾರ್, ಆಮೇಲೆ ಕೊಳಲು, ಕೊನೆಗೆ ವಯಲಿನ್‌ಗಳು ಒಂದರ ಹಿಂದೆ ಒಂದು ಏರುತ್ತಾ ಹೋಗುತ್ತವೆ. ನನಗೂ ಅದು ಪ್ರಾಣ. ಎಡವಟ್ಟಾದದ್ದು ಅಲ್ಲೇ.

ನಾನು ಮಾಡಿದ್ದು ಕೇಳಿ. ಆ ತುಣುಕಿನ ಲಯ ನಿಮಿಷಕ್ಕೆ ಸುಮಾರು 108 ಬಡಿತ. ರೇಸಿನ ಕುದುರೆ ಪೂರ್ತಿ ವೇಗದಲ್ಲಿ ಸೆಕೆಂಡಿಗೆ ಎರಡಕ್ಕಿಂತ ಜಾಸ್ತಿ ನೆಗೆತ ಹಾಕುತ್ತದೆ. ನಮ್ಮ ಕ್ಲಿಪ್‌ನಲ್ಲಿ ಎಣಿಸಿದರೆ ನಿಮಿಷಕ್ಕೆ 138ರ ಲೆಕ್ಕ ಬಂತು. ಎರಡೂ ಹೊಂದುವುದಿಲ್ಲ. ಸಂಗೀತ ಮುಟ್ಟಲು ಮನಸ್ಸಿಲ್ಲ. ಹಾಗಾಗಿ ಕುದುರೆಯ ವೇಗವನ್ನೇ 78 ಪರ್ಸೆಂಟಿಗೆ ಇಳಿಸಿದೆ. ಬಡಿತಕ್ಕೊಂದು ನೆಗೆತ, ದಾರ ಹಿಡಿದು ಪೋಣಿಸಿದ ಹಾಗೆ ಕೂತಿತು. ರಾತ್ರಿ ಒಂದೂವರೆಗೆ ಒಬ್ಬನೇ ಕೂತು ನನಗೆ ನಾನೇ ಭೇಷ್ ಅಂದುಕೊಂಡೆ.

ಮರುದಿನ ಶೆಟ್ಟರು ನೋಡಿ ಕೇಳಿದ ಮೊದಲ ಪ್ರಶ್ನೆ: "ಕುದುರೆಗೆ ಕಾಲು ನೋವುಂಟಾ?"

ಅವರು ಹೇಳಿದ್ದು ಸರಿಯಾಗಿತ್ತು. ಪೂರ್ತಿ ಸ್ಲೋಮೋಶನ್ ಆದರೆ ಇದು ಬೇರೆ ಲೋಕ ಅಂತ ಕಣ್ಣು ಒಪ್ಪಿಕೊಳ್ಳುತ್ತದೆ. 78 ಪರ್ಸೆಂಟ್ ಅಂದರೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಗಾಳಿಗೆ ಹಾರುವ ಅಂಗಿ ಒದ್ದೆ ಬಟ್ಟೆಯಂತೆ ಕಾಣುತ್ತದೆ, ಗೊರಸಿಗೆ ಎದ್ದ ಮಣ್ಣು ತಡವಾಗಿ ಬೀಳುತ್ತದೆ. ಅದೂ ಅಲ್ಲದೆ ಫೋನಿನಲ್ಲಿ ಸೆಕೆಂಡಿಗೆ 30 ಫ್ರೇಮಿನಂತೆ ತೆಗೆದ ವಿಡಿಯೋ. ಒಂದು ನೆಗೆತಕ್ಕೆ ಸಿಗುವುದೇ 13 ಫ್ರೇಮ್. ಅದನ್ನು ಎಳೆದರೆ ನಡುವಿನ ಫ್ರೇಮುಗಳನ್ನು ಸಾಫ್ಟ್‌ವೇರ್ ತಾನೇ ಹುಟ್ಟಿಸುತ್ತದೆ, ಕಾಲುಗಳೆಲ್ಲ ಕಲಸಿಹೋಗುತ್ತವೆ. ನಿಧಾನ ಬೇಕಿದ್ದರೆ ತೆಗೆಯುವಾಗಲೇ 120 ಅಥವಾ 240 ಫ್ರೇಮಿನಲ್ಲಿ ತೆಗೆದಿರಬೇಕು.

ಇನ್ನೊಂದು ವಿಷಯ ನನಗೆ ಹೊಳೆದೇ ಇರಲಿಲ್ಲ. ನಾಗಾಲೋಟದಲ್ಲಿ ಒಂದು ನೆಗೆತಕ್ಕೆ ಒಂದು ಬಡಿತ ಅಂತ ಇರುವುದೇ ಇಲ್ಲ. ನಾಲ್ಕು ಗೊರಸು ಒಂದಾದ ಮೇಲೊಂದು ಬೀಳುತ್ತವೆ, ತಕಧಿಮಿ ಅಂದ ಹಾಗೆ. ಆಮೇಲೆ ಒಂದು ಕ್ಷಣ ನಾಲ್ಕೂ ಗಾಳಿಯಲ್ಲಿ. ಆಗ ಕಾಲುಗಳು ಹೊಟ್ಟೆಯ ಕೆಳಗೆ ಮಡಚಿಕೊಂಡಿರುತ್ತವೆ. ಹಳೆಯ ಚಿತ್ರಕಾರರು ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಕುದುರೆ ತೇಲಿದಂತೆ ಬರೆಯುತ್ತಿದ್ದರು. 1878ರಲ್ಲಿ ಅಮೆರಿಕದಲ್ಲಿ ಮೈಬ್ರಿಜ್ ಎಂಬ ಫೋಟೋಗ್ರಾಫರ್ ಸಾಲಾಗಿ ಕ್ಯಾಮೆರಾ ಇಟ್ಟು ತೆಗೆದ ಮೇಲೆ ಆ ತಪ್ಪು ಗೊತ್ತಾಯಿತು. ಚಲಿಸುವ ಚಿತ್ರದ ಕತೆ ಶುರುವಾಗುವುದೇ ಹೆಚ್ಚುಕಡಿಮೆ ಅಲ್ಲಿಂದ, ಒಂದು ರೇಸ್ ಕುದುರೆಯ ಕಾಲಿನಿಂದ. ಆ ಕಾಲನ್ನೇ ನಾನು ತಾಳ ಎಣಿಸುವ ಯಂತ್ರಕ್ಕೆ, ಮೆಟ್ರೊನೋಮಿಗೆ, ಕಟ್ಟಿಹಾಕಿದ್ದೆ.

ಶೆಟ್ಟರು ಯಕ್ಷಗಾನದ ಊರಿನವರು. "ಚೆಂಡೆಯವ ವೇಷದವನ ಕಾಲು ನೋಡಿ ಬಾರಿಸ್ತಾನೆ. ನೀನು ವೇಷದವನ ಕಾಲು ಕಟ್ಟಿದ್ದೀಯಲ್ಲ" ಅಂದರು.

ಕಾಕಾ ಬಾಯಿ ಬಿಟ್ಟದ್ದು ಇದಾದ ಮೇಲೆ. ವಿಜಾಪುರದ ಕಡೆಯವರು, ಆ ಕುದುರೆಯನ್ನು ತೊಳೆದು ನೋಡಿಕೊಳ್ಳುವ ಸೈಸ್ ಆಗಿದ್ದವರು, ಈಗ ಕೆಲಸ ಬಿಟ್ಟಿದ್ದಾರೆ. ಶೆಟ್ಟರ ಜೊತೆ ಸುಮ್ಮನೆ ಬಂದಿದ್ದರು.

ಅವರು ತೋರಿಸಿದ್ದು ರೇಸಿಗೆ ಮೊದಲಿನ ಒಂದು ಕ್ಲಿಪ್. ಪ್ಯಾಡಕ್‌ನಿಂದ, ಅಂದರೆ ರೇಸಿಗೆ ಮೊದಲು ಕುದುರೆಗಳನ್ನು ಸುತ್ತಾಡಿಸುವ ಅಂಗಳದಿಂದ, ಬಂದ ಕುದುರೆ ಕಂಬಿಯ ಪಕ್ಕದಲ್ಲೇ ಹಗುರವಾಗಿ ಓಡುತ್ತಾ ಓಟ ಶುರುವಾಗುವ ಗೇಟಿನ ಕಡೆ ಹೋಗುವುದು. ಮೂಲದಲ್ಲಿ ಅದು ಒಂದು ದಿಕ್ಕಿಗೆ ಹೋಗುತ್ತದೆ, ರೇಸಿನ ಕೊನೆಯ ಓಟ ಇನ್ನೊಂದು ದಿಕ್ಕಿಗೆ. ನಮ್ಮ ಕಸುಬಿನಲ್ಲಿ ದಿಕ್ಕು ತಪ್ಪಿದರೆ ನೋಡುವವನಿಗೆ ಗಲಿಬಿಲಿ. ಕುದುರೆ ವಾಪಸ್ ಹೊರಟಿತು ಅನಿಸುತ್ತದೆ. ಹಾಗಾಗಿ ಒಂದು ಕ್ಲಿಕ್‌ನಲ್ಲಿ ಕ್ಲಿಪ್ಪನ್ನು ಫ್ಲಿಪ್ ಮಾಡಿದ್ದೆ, ಕನ್ನಡಿಯಲ್ಲಿ ಕಂಡ ಹಾಗೆ. ಸಾಮಾನ್ಯವಾಗಿ ನಂಬರ್ ಉಲ್ಟಾ ಆಗಿ ಗುಟ್ಟು ರಟ್ಟಾಗುತ್ತದೆ. ಇದು 8. ತಿರುಗಿಸಿದರೂ 8. (ಕನ್ನಡದ ೮ ಆಗಿದ್ದರೆ ಆಗಲೇ ಸಿಕ್ಕಿಬೀಳುತ್ತಿದ್ದೆ.)

"ನಮ್ಮದಕ್ಕ ಎಡಗಡಿ ಹಿಂಗಾಲು ಬೆಳ್ಳಗ. ಇದಕ್ಕ ಬಲಗಾಲು" ಅಂದರು ಕಾಕಾ.

ಫ್ಲಿಪ್ ಮಾಡಿದ್ದು, ಯಾರಿಗೂ ಗೊತ್ತಾಗಲ್ಲ ಕಾಕಾ ಅಂದೆ. ಅವರು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಮುಂದಿದೆ. "ನಾಕು ವರ್ಷ ತೊಳದೇನ್ರೀ ಆ ಕಾಲ."

ರೇಸ್ ಕುದುರೆಗೆ ಪಾಸ್‌ಪೋರ್ಟ್ ಇರುತ್ತದೆ. ಹಣೆಯ ಬೊಟ್ಟು, ಯಾವ ಕಾಲು ಎಲ್ಲಿಯವರೆಗೆ ಬಿಳಿ, ಕೂದಲಿನ ಸುಳಿ ಎಲ್ಲೆಲ್ಲಿದೆ ಎಂಬುದೆಲ್ಲ ಅದರಲ್ಲಿ ದಾಖಲು. ಸುಳಿ ನೋಡಿ ಎತ್ತು ಕೊಳ್ಳುವ ನಮ್ಮವರಿಗೆ ಇದೇನೂ ಹೊಸತಲ್ಲ. ಎಡದ ಬಿಳಿ ಬಲಕ್ಕೆ ಹೋದರೆ ಕಾಗದದ ಪ್ರಕಾರವೂ ಅದು ಬೇರೆ ಕುದುರೆ. ನನಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ಮದುವೆ ವಿಡಿಯೋದಲ್ಲಿ ನಾನು ಯಾವತ್ತೂ ಫ್ಲಿಪ್ ಮಾಡುವುದಿಲ್ಲ. ಸೆರಗು ಬಲ ಹೆಗಲಿಗೆ ಹೋಗುತ್ತದೆ, ಹುಡುಗಿಯ ಅಮ್ಮ ಮೊದಲ ನೋಟದಲ್ಲೇ ಹಿಡಿಯುತ್ತಾರೆ. ಕುದುರೆಗೆ ಅಂಥ ಅಮ್ಮ ಯಾರೂ ಇರುವುದಿಲ್ಲ ಅಂದುಕೊಂಡಿದ್ದೆ.

ಎಲ್ಲ ಕಿತ್ತುಹಾಕಿ ಹೊಸದಾಗಿ ಕೂತೆ. ಈ ಸಲ ಮೊದಲು ಸಂಗೀತದ ಟ್ರ್ಯಾಕ್ ಮ್ಯೂಟ್ ಮಾಡಿದೆ. ಎಲ್ಲ ಕ್ಲಿಪ್ಪೂ ನೂರು ಪರ್ಸೆಂಟ್ ವೇಗದಲ್ಲಿ, ಇದ್ದ ದಿಕ್ಕಿನಲ್ಲೇ. ದಿಕ್ಕು ಬದಲಾಗುವ ಕಡೆ ಎದುರಿನಿಂದ ತೆಗೆದ ಒಂದು ಶಾಟ್ ನಡುವೆ ಹಾಕಿದರೆ ಕಣ್ಣಿಗೆ ಚುಚ್ಚುವುದಿಲ್ಲ. ಕೆಲಸ ಕಲಿಯುವ ಹುಡುಗನಿಗೂ ಗೊತ್ತಿರುವ ಉಪಾಯ, ನನಗೆ ಸೋಮಾರಿತನ.

ಆಮೇಲೆ ಸಂಗೀತ. ಕೊನೆಯ 400 ಮೀಟರಿಗೆ ಕುದುರೆ ತೆಗೆದುಕೊಂಡದ್ದು 24 ಸೆಕೆಂಡ್. ವಯಲಿನ್‌ಗಳು ಏರಿ ಮುಗಿಯಲು 31 ಸೆಕೆಂಡ್ ಬೇಕು. ಏಳು ಸೆಕೆಂಡ್ ಎಲ್ಲಿಂದ ತರುವುದು? ಇದರ ಮೇಲೆ ಎರಡು ದಿನ ಕಳೆದೆ. ಕೊನೆಗೆ ವಯಲಿನ್ ಮೊದಲೇ ಶುರು ಮಾಡಿದೆ, ತಿರುವಿನಲ್ಲಿ. ಅಲ್ಲಿ ನಮ್ಮ ಕುದುರೆ ಇನ್ನೂ ಗುಂಪಿನ ಹಿಂದೆ, ಹಳದಿ ಟೋಪಿ ಮಾತ್ರ ಆಗಾಗ ಕಾಣುತ್ತದೆ. ಹಿಂದೆ ಇದ್ದಾಗಲೇ ಸಂಗೀತ ಏರತೊಡಗಿದರೆ ನೋಡುವವನು ತಾನೇ ಅದನ್ನು ಹುಡುಕುತ್ತಾನೆ. ಇನ್ನು ತುತ್ತತುದಿಯ ಸ್ವರ. ಅದನ್ನು ವಿನ್ನಿಂಗ್ ಪೋಸ್ಟಿಗೆ ಕೂರಿಸಲಿಲ್ಲ. ಅಲ್ಲಿ ಜನರ ಕೂಗೇ ಸಾಕು. ಎರಡು ಸೆಕೆಂಡ್ ಬಿಟ್ಟು, ಜಾಕಿ ರಿಕಾಪಿನ ಮೇಲೆ ಎದ್ದು ನಿಂತು ಕುದುರೆಯ ಕುತ್ತಿಗೆ ತಟ್ಟುವಲ್ಲಿ ಕೂರಿಸಿದೆ. ಗೇಟು ತೆರೆಯುವುದು, ತಿರುವು, ಈ ತಟ್ಟುವುದು. ಮೂರೇ ಕಡೆ ಹೊಂದಿಸಿದ್ದು. ಉಳಿದ ಕಡೆ ಅದರ ಪಾಡಿಗೆ ಅದು, ಇದರ ಪಾಡಿಗೆ ಇದು.

ಸಂಗೀತ ನಿಂತ ಮೇಲೆ ಆರು ಸೆಕೆಂಡ್ ಕುದುರೆಯ ಉಸಿರು ಮಾತ್ರ ಇಟ್ಟೆ. ನಾಗಾಲೋಟದಲ್ಲಿ ಕುದುರೆ ಒಂದು ನೆಗೆತಕ್ಕೆ ಒಂದೇ ಉಸಿರು ತೆಗೆಯುತ್ತದೆ, ಕಾಲು ಮತ್ತು ಉಸಿರು ಒಟ್ಟಿಗೇ. ನಿಂತ ಮೇಲೂ ಆ ಓಟ ಉಸಿರಿನಲ್ಲಿ ಕೇಳುತ್ತದೆ. ಇದು ಕಾಕಾ ಫೋನಿನಲ್ಲಿ ಹಿಡಿದಿಟ್ಟಿದ್ದ ಸದ್ದು.

ನೆಟ್ಟಿಗೆ ಹಾಕಲಿಲ್ಲ. ಶೆಟ್ಟರಿಗೆ ಆಸೆ ಇತ್ತು. "ದುಡ್ಡು ಮಾಡ್ತಿಲ್ವಲ್ಲ ನಾವು" ಅಂದರು. ದುಡ್ಡು ಮಾಡದಿದ್ದರೂ ಸಂಗೀತಕ್ಕೆ ಅನುಮತಿ ಬೇಕು. ಸಂಯೋಜನೆಯ ಹಕ್ಕು ಒಂದು, ರೆಕಾರ್ಡಿಂಗಿನ ಹಕ್ಕು ಇನ್ನೊಂದು. ನಾವೇ ಬಾರಿಸಿ ರೆಕಾರ್ಡ್ ಮಾಡಿದರೂ ಮೊದಲನೆಯದು ಹಾಗೇ ಉಳಿಯುತ್ತದೆ. ಕೆಲಸ ಒಪ್ಪುವ ದಿನವೇ ಇದನ್ನು ಹೇಳಬೇಕಿತ್ತು, ಹೇಳಿದ್ದು ಕೊನೆಯ ದಿನ. ಅವರು ಒಂದು ವಾರ ಸರಿಯಾಗಿ ಮಾತಾಡಲಿಲ್ಲ.

ಕೊನೆಗೆ ಹೋಟೆಲಿನ ಮಹಡಿಯಲ್ಲೇ ತೋರಿಸಿದೆವು, ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ, ಗೋಡೆಗೆ ಬಿಳಿ ಪಂಚೆ ಕಟ್ಟಿ. ಹದಿನೈದು ಇಪ್ಪತ್ತು ಜನ ಇದ್ದರು, ಎಲ್ಲ ಕಂಬಿಯ ಪಕ್ಕದ ಗೆಳೆಯರು. ಮುಗಿದ ಮೇಲೆ ಶೆಟ್ಟರು ಏನೂ ಹೇಳದೆ ಕಾಫಿ ತರಿಸಲು ಕೆಳಗೆ ಇಳಿದರು. ಕಾಕಾ ನನ್ನ ಹತ್ತಿರ ಬಂದು ಮೆಲ್ಲಗೆ, "ಆ ಗೇಟಿಗೆ ಹೋಗೂದು ಇನ್ನೊಮ್ಮೆ ತೋರಸ್ರಿ" ಅಂದರು. ಹಿಂದಕ್ಕೆ ಎಳೆದು ನಿಲ್ಲಿಸಿದೆ. ಅವರು ಪಂಚೆಯ ಹತ್ತಿರ ಹೋಗಿ, ಕೆಳಗೆ ಬಗ್ಗಿ, ಎಡಗಡೆಯ ಹಿಂಗಾಲು ನೋಡಿದರು.