ಕುಡಿತ ಬಿಟ್ಟವರಿಗೂ ಕರ್ತನ ಮೇಜಿನಲ್ಲಿ ಜಾಗ

ಯೇಸುಸ್ವಾಮಿಯ ನೆನಪಿಗೆ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದನ್ನು ನಾವು ಕರ್ತನ ಭೋಜನ ಅನ್ನುತ್ತೇವೆ. ನಮ್ಮ ಸಭೆಯ ಭೋಜನದ ಬಟ್ಟಲಿನಲ್ಲಿ ಈಗ ಇರುವುದು ಬರೀ ದ್ರಾಕ್ಷಿ ರಸ. ಕುದಿಸಿ ಸೋಸಿದ್ದು, ಹುಳಿ ಬರಿಸಿದ್ದಲ್ಲ. ಹೀಗೆ ಯಾಕೆ ಮಾಡಿದಿರಿ ಅಂತ ಬೇರೆ ಊರಿನ ಸಭೆಗಳ ಹೆಂಗಸರು ನನ್ನನ್ನು ಕೇಳುತ್ತಿರುತ್ತಾರೆ. ಅವರ ಮನೆಗಳಲ್ಲೂ ಕುಡಿತ ಬಿಡಲು ಒದ್ದಾಡುವವರು ಇದ್ದಾರೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಇದು, ಅದಕ್ಕೇ ಬರೆಯುತ್ತಿದ್ದೇನೆ. ಕುಡಿತ ಬಿಟ್ಟ ನನ್ನ ಗಂಡನ ಕಥೆ ಇದು, ಇವರನ್ನು ಕೇಳಿಯೇ ಬರೆಯುತ್ತಿದ್ದೇನೆ. "ನನ್ನ ಹೆಸರು ಹಾಕಬೇಡ, ಉಳಿದದ್ದೆಲ್ಲ ಬರಿ. ಯಾರಿಗಾದರೂ ಉಪಯೋಗ ಆಗಲಿ" ಅಂದರು.

ಇವರು ಆಸ್ಪತ್ರೆಯಿಂದ ಮನೆಗೆ ಬರುವಾಗ ಡಾಕ್ಟರು ಡೈಸಲ್ಫಿರಾಮ್ ಎಂಬ ಮಾತ್ರೆ ಬರೆದುಕೊಟ್ಟಿದ್ದರು. ಅದನ್ನು ತೆಗೆದುಕೊಳ್ಳುವವರ ಹೊಟ್ಟೆಗೆ ಮದ್ಯ ಹೋದರೆ ಮುಖ ಕೆಂಪಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಂತಿಯಾಗುತ್ತದೆ. ಕೆಲವರಿಗೆ ಜೀವಕ್ಕೇ ಅಪಾಯ. ಡಾಕ್ಟರು ನನ್ನನ್ನೂ ಕೂರಿಸಿಕೊಂಡು ವಿವರಿಸಿದರು. ಮದ್ಯ ಸೇರಿದ ಕೆಮ್ಮಿನ ಸಿರಪ್ ಬೇಡ, ರಮ್ ಹಾಕಿದ ಕೇಕ್ ಬೇಡ, ಕ್ಷೌರದ ನಂತರ ಹಚ್ಚುವ ಲೋಷನ್ ಕೂಡ ನೋಡಿ ತೆಗೆದುಕೊಳ್ಳಿ ಅಂದರು. ನಾನು ಆ ಪಟ್ಟಿಯನ್ನು ಬರೆದುಕೊಳ್ಳುತ್ತಾ, "ಚರ್ಚಿನಲ್ಲಿ ಕೊಡುವ ದ್ರಾಕ್ಷಾರಸ?" ಅಂತ ಕೇಳಿದೆ. "ಅದೂ ಬೇಡಮ್ಮ" ಅಂದರು.

ಈ ಮಾತ್ರೆಯ ಬಗ್ಗೆ ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಗಂಡನಿಗೆ ಗೊತ್ತಿಲ್ಲದ ಹಾಗೆ ಸಾರಿನಲ್ಲಿ ಬೆರೆಸಿ ಕೊಡುವ ಹೆಂಗಸರನ್ನು ನಾನು ಬಲ್ಲೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಕೈಮುಗಿದು ಕೇಳುತ್ತೇನೆ, ಹಾಗೆ ಮಾಡಬೇಡಿ. ಗೊತ್ತಿಲ್ಲದೆ ಅವರು ಮೇಲೆ ಕುಡಿದರೆ ಪ್ರಾಣಕ್ಕೇ ಬರಬಹುದು. ಮಾತ್ರೆ ತೆಗೆದುಕೊಳ್ಳುವವರು ತಿಳಿದು, ಒಪ್ಪಿ ತೆಗೆದುಕೊಳ್ಳಬೇಕು.

ನಮ್ಮಲ್ಲಿ ಹಳೆಯ ಪದ್ಧತಿಯೊಂದಿತ್ತು. ಸಭೆಯ ಹಿರಿಯ ಆಂಟಿಯೊಬ್ಬರು ಕಪ್ಪು ದ್ರಾಕ್ಷಿಯನ್ನು ಸಕ್ಕರೆ, ಲವಂಗ, ಸ್ವಲ್ಪ ಈಸ್ಟ್ ಜೊತೆ ಭರಣಿಯಲ್ಲಿ ಹಾಕಿ, ಬಟ್ಟೆ ಕಟ್ಟಿ ಇಡುತ್ತಿದ್ದರು. ಭಕ್ತಿಯಿಂದ ಮಾಡುತ್ತಿದ್ದ ಕೆಲಸ ಅದು. ಆ ಭರಣಿಯನ್ನು ಬೇರೆ ಯಾವುದಕ್ಕೂ ಮುಟ್ಟುತ್ತಿರಲಿಲ್ಲ. ಒಬ್ಬೊಬ್ಬರಿಗೆ ಸಿಗುವುದು ಒಂದು ಗುಟುಕು. ಆದರೆ ಕುಡಿತ ಬಿಟ್ಟವರಿಗೆ ಆ ಗುಟುಕಿನ ವಾಸನೆಯೇ ಸಾಕು. ನಾಲಿಗೆಗೆ ತಾಗಿದ ಮೇಲೆ ಇಡೀ ದಿನ ಒಳಗೆ ಯುದ್ಧ ನಡೆಯುತ್ತದೆ ಅಂತ ಇವರೇ ನನಗೆ ಬಿಡಿಸಿ ಹೇಳಿದ್ದು.

ಮೊದಲ ತಿಂಗಳು ಇವರು ಭೋಜನಕ್ಕೆ ಏಳಲೇ ಇಲ್ಲ. ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತರು. ಹಿಂದಿನ ಸಾಲಿನವರು ನೋಡಿದರು. "ಇನ್ನೂ ಕುಡಿಯುತ್ತಾನೇನೋ, ಅದಕ್ಕೇ ಹೋಗಲಿಲ್ಲ" ಅಂತ ಆಮೇಲೆ ಮಾತು ಬಂತು. ನನಗೆ ಅಳು ತಡೆಯಲಾಗಲಿಲ್ಲ. ಕುಡಿಯುತ್ತಿದ್ದ ಕಾಲದಲ್ಲಿ ಎದ್ದು ಹೋಗಿ ಬಟ್ಟಲು ತೆಗೆದುಕೊಳ್ಳುತ್ತಿದ್ದವರು, ಬಿಟ್ಟ ಮೇಲೆ ದೂರ ಕೂರಬೇಕಾಯಿತಲ್ಲ!

ಸಭಾಪಾಲಕರ ಮನೆಗೆ ಹೋಗಿ ಹೇಳಿದೆವು. ಅಯ್ಯನವರು ಚಿಕ್ಕ ವಯಸ್ಸಿನವರು. ಪೂರ್ತಿ ಕೇಳಿಸಿಕೊಂಡು, "ಅಮ್ಮಾ, ಇದು ನಿಮ್ಮ ಮನೆಯ ಸಮಸ್ಯೆ ಅಲ್ಲ, ಸಭೆಯದ್ದು. ಸಮಿತಿಯಲ್ಲಿ ಇಡೋಣ" ಅಂದರು.

ಸಮಿತಿಯಲ್ಲಿ ಸುಲಭವಾಗಿ ಆಗಲಿಲ್ಲ. ಕಾನಾ ಊರಿನ ಮದುವೆಯಲ್ಲಿ ಯೇಸುಸ್ವಾಮಿಯೇ ನೀರನ್ನು ದ್ರಾಕ್ಷಾರಸ ಮಾಡಿದರಲ್ವಾ ಅಂತ ಒಬ್ಬರು ಕೇಳಿದರು. ಪೌಲನು ತಿಮೊಥೆಯನಿಗೆ ಹೊಟ್ಟೆಯ ಸಲುವಾಗಿ ಸ್ವಲ್ಪ ಕುಡಿ ಅಂದದ್ದನ್ನು ಇನ್ನೊಬ್ಬರು ನೆನಪಿಸಿದರು. ಎರಡೂ ನಿಜ. ದ್ರಾಕ್ಷಾರಸ ಮನುಷ್ಯನ ಹೃದಯಕ್ಕೆ ಸಂತೋಷ ಕೊಡುತ್ತದೆ ಅಂತ 104ನೇ ಕೀರ್ತನೆಯೂ ಹೇಳುತ್ತದೆ. ದ್ರಾಕ್ಷಾರಸವೇ ಪಾಪ ಅಂತ ನಾನು ಯಾವತ್ತೂ ವಾದಿಸಿಲ್ಲ. ಆದರೆ ಅದೇ ಪೌಲನು ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯದಲ್ಲಿ, ಸಹೋದರನು ಎಡವಿ ಬೀಳುವುದಾದರೆ ಮಾಂಸವನ್ನೂ ದ್ರಾಕ್ಷಾರಸವನ್ನೂ ಬಿಟ್ಟುಬಿಡುವುದೇ ಒಳ್ಳೆಯದು ಅನ್ನುತ್ತಾನೆ. ಅಯ್ಯನವರು ಅದನ್ನು ಗಟ್ಟಿಯಾಗಿ ಓದಿದರು. ಎದುರಿಗೆ ಕುಳಿತ ಸಹೋದರ ಯಾರು ಅಂತ ಎಲ್ಲರಿಗೂ ಗೊತ್ತಿತ್ತು.

ಇನ್ನೊಂದು ಆಕ್ಷೇಪ, "ಹಿಂದಿನವರು ನಡೆಸಿಕೊಂಡು ಬಂದದ್ದನ್ನು ಬದಲಿಸಬಾರದು" ಅನ್ನುವುದು. ಹಿಂದಿನವರ ಕಥೆ ನೋಡಿದರೆ ಅವರು ನಮಗಿಂತ ಎಷ್ಟೋ ಕಟ್ಟುನಿಟ್ಟು. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಿಷನರಿಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನಿಂದ ಮಂಗಳೂರಿಗೆ ಬಂದರು. ತುಳುನಾಡಿನಲ್ಲಿ ಅವರ ಸಭೆಗೆ ಸೇರಿದವರಲ್ಲಿ ಬಿಲ್ಲವರು ತುಂಬಾ ಜನ. ತಾಳೆ, ತೆಂಗಿನ ಮರ ಹತ್ತಿ ಕಳ್ಳು ಇಳಿಸುವುದು ಅವರಲ್ಲಿ ಅನೇಕರ ಜೀವನೋಪಾಯ. ದೀಕ್ಷಾಸ್ನಾನ ಆದವರು ಆ ಕೆಲಸ ಮಾಡುವುದನ್ನು ಮಿಷನ್ ಒಪ್ಪಲಿಲ್ಲ. ಹಾಗಾದರೆ ಊಟಕ್ಕೇನು? ಮಿಷನ್ ಕೆಲಸ ಕೊಟ್ಟಿತು. ನೇಯ್ಗೆ ಬಂತು, 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಶುರು ಮಾಡಿದರು. ನಮ್ಮ ಮನೆತನದವರೂ ಮರ ಇಳಿದು ಹೆಂಚಿನ ಕೆಲಸಕ್ಕೆ ಹೋದವರೇ ಅಂತ ನನ್ನಜ್ಜಿ ಹೇಳುತ್ತಿದ್ದರು. ಮುಂದೆ ಬಿಲ್ಲವ ಸಮಾಜಕ್ಕೆ ದಾರಿ ತೋರಿಸಿದ, 1912ರಲ್ಲಿ ಕುದ್ರೋಳಿ ದೇವಸ್ಥಾನದ ಪ್ರತಿಷ್ಠೆ ಮಾಡಿದ ನಾರಾಯಣ ಗುರುಗಳೂ ಮದ್ಯ ಬೇಡ ಎಂದೇ ಬೋಧಿಸಿದರು. ಹಾಗಾಗಿ ಕುಡಿತದ ವಿರುದ್ಧದ ಮಾತು ಈ ಮಣ್ಣಿಗೆ ಹೊಸದಲ್ಲ. ಮಿಷನ್ ಮಾಡಿದ್ದರಲ್ಲಿ ನನಗೆ ತುಂಬಾ ಮೆಚ್ಚುಗೆಯಾಗುವುದು ಒಂದೇ. ಬಿಡು ಅಂತ ಹೇಳಿ ಕೈಬಿಡಲಿಲ್ಲ, ಬಿಟ್ಟವನ ಕೈಗೆ ಕೆಲಸವನ್ನೂ ಕೊಟ್ಟರು.

ಬಟ್ಟಲಿನ ವಿಷಯದಲ್ಲೂ ದಾರಿ ಹುಡುಕಿದವರು ಇದ್ದಾರೆ. ಅಮೆರಿಕದ ನ್ಯೂಜೆರ್ಸಿಯ ವೈನ್‌ಲ್ಯಾಂಡ್ ಎಂಬ ಊರಿನಲ್ಲಿ ಥಾಮಸ್ ವೆಲ್ಚ್ ಎಂಬ ಹಲ್ಲಿನ ಡಾಕ್ಟರು ಇದ್ದರು. ಮೆಥೊಡಿಸ್ಟ್ ಸಭೆಯಲ್ಲಿ ಭೋಜನದ ಏರ್ಪಾಡು ನೋಡಿಕೊಳ್ಳುತ್ತಿದ್ದವರು. ಪಾಶ್ಚರ್ ಎಂಬ ವಿಜ್ಞಾನಿ ಕಂಡುಹಿಡಿದ ಕಾಯಿಸುವ ವಿಧಾನವನ್ನು ಬಳಸಿ, 1869ರಲ್ಲಿ ಅವರು ಹುಳಿ ಬರದ ಹಾಗೆ ದ್ರಾಕ್ಷಿ ರಸವನ್ನು ಬಾಟಲಿಯಲ್ಲಿ ಉಳಿಸುವುದನ್ನು ಸಾಧಿಸಿದರು. ಕರ್ತನ ಮೇಜಿಗಾಗಿಯೇ ಮಾಡಿದ್ದು.

ನಮ್ಮ ಪಕ್ಕದ ಮನೆಯವರು ಕೊಂಕಣಿ ಕಥೋಲಿಕರು. ಅವರಲ್ಲಿ ಕೇಳಿದಾಗ, ರೊಟ್ಟಿಯನ್ನು ಮಾತ್ರ ಸ್ವೀಕರಿಸಿದರೂ ಕ್ರಿಸ್ತರನ್ನು ಪೂರ್ತಿಯಾಗಿ ಸ್ವೀಕರಿಸಿದ ಹಾಗೆಯೇ ಅಂದರು. ಅವರಲ್ಲಿ ಕುಡಿತದ ಕಾಯಿಲೆ ಇರುವ ಪಾದ್ರಿಗಳು ಪೂಜೆಗೆ ಮುಸ್ತುಮ್ ಬಳಸಲು ಬಿಷಪರು ಅನುಮತಿ ಕೊಡಬಹುದು. ಮುಸ್ತುಮ್ ಅಂದರೆ ಹುದುಗುವುದನ್ನು ತಡೆದು ಇಟ್ಟ ದ್ರಾಕ್ಷಿ ರಸ. 2003ರಲ್ಲಿ ರೋಮಿನಿಂದ ಬಂದ ಪತ್ರದಲ್ಲೂ ಇದು ಇದೆ. ಕುಡಿತ ಒಂದು ಕಾಯಿಲೆ ಅಂತ ಅಷ್ಟು ದೊಡ್ಡ ಸಭೆಯೇ ಲೆಕ್ಕಕ್ಕೆ ತೆಗೆದುಕೊಂಡಿದೆ ಅಂತ ತಿಳಿದು ನನಗೆ ಎಷ್ಟೋ ಧೈರ್ಯ ಬಂತು.

ಅದೇ ಮನೆಯ ಅಕ್ಕ ಇವರಿಗೆ ಮ್ಯಾಟ್ ಟಾಲ್ಬಟ್ ಎಂಬವರ ಕಥೆಯನ್ನೂ ಹೇಳಿದರು. ಐರ್ಲೆಂಡಿನ ಡಬ್ಲಿನ್ ನಗರದ ಕೂಲಿಯಾಳು. ಹುಡುಗನಾಗಿದ್ದಾಗಲೇ ಕುಡಿತಕ್ಕೆ ಬಿದ್ದವರು. 1884ರಲ್ಲಿ, 28ನೇ ವಯಸ್ಸಿನಲ್ಲಿ, ಮೂರು ತಿಂಗಳು ಕುಡಿಯುವುದಿಲ್ಲ ಅಂತ ಪ್ರತಿಜ್ಞೆ ಮಾಡಿದರು. ಆಮೇಲೆ ಅದನ್ನು ಮುಂದುವರಿಸಿದರು, ಆಮೇಲೆ ಜೀವನಪರ್ಯಂತ. ಹೆಂಡದಂಗಡಿಯ ಎದುರು ಮನಸ್ಸು ಸೋತರೂ ಕೊಳ್ಳಲು ಆಗದಿರಲಿ ಅಂತ ಜೇಬಿನಲ್ಲಿ ದುಡ್ಡೇ ಇಟ್ಟುಕೊಳ್ಳುತ್ತಿರಲಿಲ್ಲವಂತೆ. 1925ರಲ್ಲಿ ಪೂಜೆಗೆ ಹೋಗುವ ದಾರಿಯಲ್ಲೇ ಕುಸಿದು ತೀರಿಕೊಂಡರು. ಜೇಬಿನ ಮಾತು ಕೇಳಿದ ಮೇಲೆ ಇವರು ಕೆಲಸಕ್ಕೆ ಹೋಗುವಾಗ ಬಸ್ಸಿನ ದುಡ್ಡು ಮಾತ್ರ ಒಯ್ಯಲು ಶುರು ಮಾಡಿದರು. ನಾನು ಹೇಳಿಕೊಟ್ಟದ್ದಲ್ಲ. ಅವರೇ ಮಾಡಿದ್ದು.

ಇನ್ನು ಪ್ರಾರ್ಥನೆಯ ಮಾತು. ನಮ್ಮವರಲ್ಲಿ ಕೆಲವರು ಮಾತ್ರೆ, ಕುಡಿತ ಬಿಡುವವರು ಒಟ್ಟು ಸೇರುವ ಮೀಟಿಂಗ್ ಅಂದರೆ ನಂಬಿಕೆ ಕಡಿಮೆ ಅಂತ ತಿಳಿಯುತ್ತಾರೆ. ಆಸ್ಪತ್ರೆಗೆ ಸೇರಿಸುವ ಮೊದಲು ಪ್ರಾರ್ಥನಾ ಗುಂಪಿನ ಒಬ್ಬರು ಬಂದು, ಬಾಟಲಿಯನ್ನು ಚರಂಡಿಗೆ ಸುರಿಸಿ, ತಲೆ ಮೇಲೆ ಕೈಯಿಟ್ಟು, "ಇವತ್ತಿನಿಂದ ಬಿಡುಗಡೆ" ಅಂತ ಹೇಳಿ ಹೋದರು. ಅವರ ಮನಸ್ಸು ಒಳ್ಳೆಯದೇ. ಮರುದಿನ ಇವರ ಕೈ ನಡುಗಲು ಶುರುವಾಯಿತು, ಬೆವರು ಇಳಿಯಿತು, ರಾತ್ರಿ ಫಿಟ್ಸ್ ಬಂತು. ಬಹಳ ವರ್ಷ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಹೀಗಾಗಬಹುದು, ಇಲ್ಲದ್ದು ಕಾಣಿಸಬಹುದು, ಸಾವೂ ಬರಬಹುದು. ಡಾಕ್ಟರ ಕಣ್ಣೆದುರೇ ಬಿಡಿಸಬೇಕು. ಪ್ರಾರ್ಥನೆ ಮಾಡುವವರು ದಯವಿಟ್ಟು ಇದನ್ನು ತಿಳಿದಿರಿ. ಆಸ್ಪತ್ರೆಯ ವರಾಂಡದಲ್ಲಿ ಕುಳಿತೂ ಪ್ರಾರ್ಥನೆ ಮಾಡಬಹುದು. ನಾನು ಅಲ್ಲೇ ಮಾಡಿದ್ದು.

ಇವರು ಹೋಗುವುದು ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಮೀಟಿಂಗಿಗೆ, ಅದರ ಬೇರಿನಲ್ಲೂ ಸುವಾರ್ತೆ ಇದೆ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಇಬ್ಬರು ಕುಡುಕರು, ಬಿಲ್ ಮತ್ತು ಡಾಕ್ಟರ್ ಬಾಬ್, ಒಬ್ಬರಿಗೊಬ್ಬರು ಮನಸ್ಸು ಬಿಚ್ಚಿ ಮಾತಾಡಿದ್ದರಿಂದ ಅದು ಹುಟ್ಟಿತು. ಇಬ್ಬರೂ ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಗುಂಪಿಗೆ ಹೋಗುತ್ತಿದ್ದವರು. ಶುರುವಿನ ದಿನಗಳಲ್ಲಿ ಯಾಕೋಬನ ಪತ್ರ ಅವರಿಗೆ ಬಹಳ ಪ್ರಿಯವಾಗಿತ್ತು. ತಪ್ಪುಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿಕೊಳ್ಳಿ ಅನ್ನುವ ಪತ್ರ ಅದು. ಆಮೇಲೆ ಎಲ್ಲ ಧರ್ಮದವರೂ, ದೇವರನ್ನು ನಂಬದವರೂ ಬರಬೇಕು ಅಂತ ಬಾಗಿಲು ದೊಡ್ಡದು ಮಾಡಿದರು. ಕುಡುಕರಿಗೆ ಆಸ್ಪತ್ರೆಗಳು ಹಾಸಿಗೆ ಕೊಡದಿದ್ದ ಕಾಲದಲ್ಲಿ, ಅದೇ ಆಕ್ರನ್‌ನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಸಿಸ್ಟರ್ ಇಗ್ನೇಷಿಯಾ ಎಂಬ ಕನ್ಯಾಸ್ತ್ರೀ 1939ರಲ್ಲಿ ಡಾಕ್ಟರ್ ಬಾಬ್ ಜೊತೆ ಸೇರಿ ಅವರಿಗೆ ಹಾಸಿಗೆ ಕೊಡಿಸಿದರು. ನನಗೆ ಆ ಸಿಸ್ಟರ್ ಮೇಲೆ ಬಹಳ ಪ್ರೀತಿ.

ಇವರ ಮೀಟಿಂಗಿಗೆ ಹಿಂದೂಗಳು, ಬ್ಯಾರಿ ಮುಸಲ್ಮಾನರು, ನಮ್ಮವರು ಎಲ್ಲ ಬರುತ್ತಾರೆ. ನಾನು ಮನೆಯವರಿಗಾಗಿ ಇರುವ ಅಲ್-ಅನಾನ್ ಮೀಟಿಂಗಿಗೆ ಹೋಗುತ್ತೇನೆ. ಬಿಲ್ ಅವರ ಹೆಂಡತಿ ಲೋಯಿಸ್ 1951ರಲ್ಲಿ ಗೆಳತಿಯೊಬ್ಬರ ಜೊತೆ ಕಟ್ಟಿದ್ದು ಅದು. ಅಲ್ಲಿ ಯಾರೂ ನನಗೆ ಉಪದೇಶ ಮಾಡಲಿಲ್ಲ. ಗಂಡನ ಜೇಬು ತಡಕುವುದನ್ನು, ಬಾಯಿ ಮೂಸುವುದನ್ನು ಬಿಟ್ಟು ರಾತ್ರಿ ನಿದ್ದೆ ಮಾಡಲು ಕಲಿತದ್ದು ಅಲ್ಲಿ.

ನಂಬಿಕೆ ಇವರಲ್ಲಿ ಏನು ಮಾಡಿತು ಅಂತ ಕೇಳುತ್ತೀರಲ್ವಾ? ಸಾಲ ತೀರಿಸಿತು. ಸುಮ್ನೆ ಹೇಳುತ್ತಿಲ್ಲ. ಮೀಟಿಂಗಿನ ಹನ್ನೆರಡು ಹೆಜ್ಜೆಗಳಲ್ಲಿ, ಯಾರಿಗೆ ಕೇಡು ಮಾಡಿದ್ದೀಯೋ ಅವರ ಹತ್ತಿರ ಹೋಗಿ ಸರಿಪಡಿಸು ಅನ್ನುವುದೂ ಒಂದು. ಇವರು ಅಲ್ಲಿ ತಡೆದು ನಿಂತರು, ನಾಚಿಕೆ. ಆಗ ಲೂಕನ ಸುವಾರ್ತೆಯಲ್ಲಿ, ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನ ಕಥೆ ಓದಿದರು. ಯೇಸುಸ್ವಾಮಿ ಅವನ ಮನೆಗೆ ಮೊದಲೇ ಬಂದುಬಿಟ್ಟಿದ್ದರು, ಅವನು ದುಡ್ಡು ಹಿಂದೆ ಕೊಡುತ್ತೇನೆ ಅಂದದ್ದು ಆಮೇಲೆ. "ಮೊದಲು ಕ್ಷಮೆ ಸಿಕ್ಕಿದೆ ಕಣೇ, ಇನ್ನು ಹೆದರುವುದು ಯಾಕೆ" ಅಂತ ಹೇಳಿ, ಚೀಟಿ ಬರೆದುಕೊಂಡು ಒಬ್ಬೊಬ್ಬರ ಮನೆಗೆ ಹೋದರು. ಒಬ್ಬರು ಬಾಗಿಲು ತೆರೆಯಲಿಲ್ಲ. ಅವರ ದುಡ್ಡನ್ನು ಬ್ಯಾಂಕಿಗೆ ಕಟ್ಟಿದರು.

ಡಿಸೆಂಬರ್ ಈಗಲೂ ಕಷ್ಟ. ಮನೆಮನೆಯಲ್ಲಿ ವೈನ್, ರಮ್‌ನಲ್ಲಿ ನೆನೆಸಿದ ಹಣ್ಣಿನ ಕೇಕ್. ಬೇಯಿಸಿದರೆ ಮದ್ಯ ಪೂರ್ತಿ ಹೋಗುತ್ತದೆ ಅನ್ನುವುದು ಸರಿಯಲ್ಲ, ಸ್ವಲ್ಪ ಉಳಿಯುತ್ತದೆ. ನಾನು ಕಿತ್ತಳೆ ರಸದಲ್ಲಿ ದ್ರಾಕ್ಷಿ, ಚೆರಿ ನೆನೆಸುತ್ತೇನೆ. ಯಾರಾದರೂ ಕುಸ್ವಾರದ, ಅಂದರೆ ಕ್ರಿಸ್ಮಸ್ ತಿಂಡಿಗಳ ತಟ್ಟೆ ತಂದರೆ ಕೇಕಿನಲ್ಲಿ ಏನು ಹಾಕಿದ್ದೀರಿ ಅಂತ ಸಂಕೋಚವಿಲ್ಲದೆ ಕೇಳುತ್ತೇನೆ. ಕೇಳಿದ ಮೇಲೆ ಬೇಸರ ಮಾಡಿಕೊಂಡವರು ಕಡಿಮೆ.

ಸಮಿತಿ ಕೊನೆಗೆ ಒಪ್ಪಿತು. ಈಗ ರಸ ಮಾಡುವ ಸರದಿ ನಮ್ಮ ಸ್ತ್ರೀಯರ ಅನ್ಯೋನ್ಯಕೂಟದ್ದು. ಹಳೆಯ ಭರಣಿಯ ಆಂಟಿಯೇ ಎಲ್ಲರಿಗೆ ಕಲಿಸಿಕೊಟ್ಟರು. ಕೇಳಿದವರಿಗಾಗಿ ಬರೆಯುತ್ತೇನೆ: ಒಂದು ಕೆಜಿ ಕಪ್ಪು ದ್ರಾಕ್ಷಿಯನ್ನು ಉಪ್ಪು ನೀರಿನಲ್ಲಿ ಚೆನ್ನಾಗಿ ತೊಳೆದು ತೊಟ್ಟು ಬಿಡಿಸಿ. ಒಂದು ಲೋಟ ನೀರು ಹಾಕಿ, ಸಿಪ್ಪೆ ಒಡೆದು ಬಣ್ಣ ಬಿಡುವ ತನಕ ಕುದಿಸಿ. ಸೌಟಿನಿಂದ ಹಿಚುಕಿ, ಆರಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ. ಬೇಕಿದ್ದರೆ ಸ್ವಲ್ಪ ಸಕ್ಕರೆ ಹಾಕಿ ಇನ್ನೊಮ್ಮೆ ಕುದಿಸಿ, ಬಿಸಿನೀರಿನಲ್ಲಿ ತೊಳೆದ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಡಿ. ಶುಕ್ರವಾರ ಸಂಜೆ ಮಾಡಿದರೆ ಭಾನುವಾರಕ್ಕೆ ಸರಿಯಾಗುತ್ತದೆ. ಅದಕ್ಕಿಂತ ಮೊದಲೇ ಮಾಡಿಡಬೇಡಿ, ಹೊರಗಿಟ್ಟರೆ ತನ್ನಷ್ಟಕ್ಕೇ ಹುಳಿ ಬರುತ್ತದೆ.